ಶರಾವತಿಯ ಅಳಿವೆ ಮತ್ತು ಅಮೋನಿಯಾ ಎಂಬ ಕುಲ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಿಂತು ಕಡಲ ಜೀವಿಯ ಬಗ್ಗೆ ಮಾತಾಡುತ್ತೇನೆ ಅಂತ ನಗಬೇಡಿ. ಅಂಬುತೀರ್ಥದಲ್ಲಿ ಹುಟ್ಟಿದ ನಮ್ಮ ಶರಾವತಿ ಕೊನೆಗೆ ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ ಅಲ್ವಾ? ಹೀಗೆ ಉಪ್ಪು, ಸಿಹಿ ಬೆರೆಯುವ ಅಳಿವೆಗಳ ಕೆಸರಿನಲ್ಲಿ ಸಾಮಾನ್ಯವಾಗಿ ಸಿಗುವ ಫೊರಾಮಿನಿಫೆರಾ ಕುಲ ಅಮೋನಿಯಾ. ಕುಲ ಅಂದರೆ ಹತ್ತಿರದ ಪ್ರಭೇದಗಳ ಗುಂಪು. ಗೊಬ್ಬರದ ಅಮೋನಿಯಾ ಅಲ್ಲ!

ಫೊರಾಮಿನಿಫೆರಾ ಒಂದೇ ಜೀವಕೋಶದ ಜೀವಿ. ಆದರೂ ಚಿಪ್ಪು ಕಟ್ಟಿಕೊಳ್ಳುತ್ತದೆ. ಆ ಚಿಪ್ಪು ನೋಡಿ 1826ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಡಾರ್ಬಿನಿ ಇವನ್ನು ಆಕ್ಟೋಪಸ್‌ ಬಳಗಕ್ಕೇ ಸೇರಿಸಿದ್ದರು.

ಅಮೋನಿಯಾದ್ದು ಸುಣ್ಣದ ಚಿಪ್ಪು. ದೊಡ್ಡದೆಂದರೆ ಒಂದು ಮಿಲಿಮೀಟರ್ ಆಸುಪಾಸು. ಚಕ್ಕುಲಿ ಸುತ್ತಿದ ಹಾಗೆ ಕೋಣೆಗಳು. ಒಂದು ಮಗ್ಗುಲಲ್ಲಿ ಎಲ್ಲ ಸುತ್ತುಗಳೂ ಕಾಣುತ್ತವೆ, ಮಗುಚಿದರೆ ಕೊನೆಯ ಸುತ್ತು ಮಾತ್ರ. ಬಾಯಿ ಕೊನೆಯ ಕೋಣೆಯ ಬುಡದಲ್ಲಿ. ಸುರುಳಿ ಎಡಕ್ಕೋ ಬಲಕ್ಕೋ ಅನ್ನುವುದು ಕುಲದ ಗುರುತಲ್ಲ, ಎರಡೂ ಸಿಗುತ್ತವೆ. ನಡುವಿನ ಗುಳಿಯಲ್ಲಿ ಸುಣ್ಣದ ಗುಬುಟು ಕೆಲವಕ್ಕುಂಟು, ಕೆಲವಕ್ಕಿಲ್ಲ. ಯಾವ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ತೀರ್ಮಾನಿಸುವುದೇ ಪ್ರಭೇದ ಗುರುತಿಸುವ ಈ ಕೆಲಸದಲ್ಲಿ ಕಷ್ಟ.

ಹೆಸರಿನ ಗೋಜಲೂ ಇದೆ. 1758ರಲ್ಲಿ, ಜೀವಿಗಳಿಗೆ ಹೆಸರಿಡುವ ಕ್ರಮ ಹಾಕಿಕೊಟ್ಟ ಲಿನೇಯಸ್ ಇದರ ಒಂದು ಪ್ರಭೇದವನ್ನು ನಾಟಿಲಸ್ ಬೆಕ್ಕಾರಿಐ ಅಂದರು. 1772ರಲ್ಲಿ ಬ್ರೂನಿಕ್ ಅಮೋನಿಯಾ ಎಂಬ ಕುಲ ಮಾಡಿದರು. ಆಮೇಲಿನವರು ರೊಟಾಲಿಯಾ ಅಂದರು, ಸ್ಟ್ರೆಬ್ಲಸ್ ಅಂದರು. ರೊಟಾಲಿಯಾ ಬೇರೆಯೇ ಕುಲ. ಸ್ಟ್ರೆಬ್ಲಸ್ 1817ರದ್ದು, ಹಾಗಾಗಿ ಅದಕ್ಕಿಂತ ಮೊದಲೇ ಇಟ್ಟ ಅಮೋನಿಯಾ ಹೆಸರೇ ಗೆದ್ದಿತು. ಹಳೆಯ ವರದಿ ಹುಡುಕುವಾಗ ಮೂರೂ ಹೆಸರು ಹಾಕಿ ನೋಡಿ.

ನೀರಿನ ಉಪ್ಪು, ಬಿಸಿಗೆ ತಕ್ಕಂತೆ ಚಿಪ್ಪಿನ ರೂಪ ಬದಲಾಗುತ್ತದೆ. ಅದಕ್ಕೇ ಬಹಳ ಕಾಲ ಬೇರೆ ಬೇರೆ ರೂಪಗಳನ್ನೆಲ್ಲ ಬೆಕ್ಕಾರಿಐ ಅಂತಲೇ ಬರೆದದ್ದು ಜಾಸ್ತಿ. 2004ರಲ್ಲಿ ಹೇವರ್ಡ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಡಿಎನ್‌ಎ ಜೊತೆ ಚಿಪ್ಪಿನ ಅಳತೆಗಳನ್ನೂ ಇಟ್ಟು ನೋಡಿದಾಗ ಬೆಕ್ಕಾರಿಐ ಅಂತಿದ್ದ ಒಂದು ಪ್ರಭೇದ ಹಲವಾಯಿತು. ಒಂದೇ ಚಿಪ್ಪು ಹಿಡಿದು ಹೊಸ ಪ್ರಭೇದ ಅಂತ ಸಾರುವುದೂ ತಪ್ಪೇ. ಒಂದು ಜಾಗದ ನೂರಾರು ಚಿಪ್ಪು ನೋಡದೆ ಹೆಸರಿಡಬಾರದು ಅನ್ನುವುದು ನನ್ನ ಹಟ.

ಇದು ಸುಮ್ನೆ ಪಂಡಿತರ ಜಗಳ ಅಲ್ಲ. ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ, ವಿದ್ಯುತ್ತಿಗೆ ಬಳಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಹೋಗುತ್ತದೆ, ಅಲ್ಲಿ ಉಪ್ಪು ತಗ್ಗಿದೆ. ಆ ಕೆಸರನ್ನು ಕೊಳವೆಯಲ್ಲಿ ತೆಗೆದಾಗ ಮೇಲಿನ ಹೊಸ ಪದರದಲ್ಲಿ ತೆಳು ಚಿಪ್ಪು, ಕೆಳಗಿನ ಹಳೆಯ ಪದರದಲ್ಲಿ ದಪ್ಪ ಚಿಪ್ಪು ಸಿಕ್ಕಿತು ಅಂತಿಟ್ಟುಕೊಳ್ಳಿ. ಒಂದೇ ಪ್ರಭೇದ ಬದಲಾಯಿತೋ, ಒಂದು ಹೋಗಿ ಇನ್ನೊಂದು ಬಂತೋ? ಹೆಸರು ತಪ್ಪಿದರೆ ನದಿಯ ಚರಿತ್ರೆಯೇ ತಪ್ಪುತ್ತದೆ.

ನಿಮ್ಮಲ್ಲಿ ಯಾರಾದರೂ ಇದಕ್ಕೆ ಕೈಹಾಕುವುದಾದರೆ, ಮೊದಲು ಈಗ ಬದುಕಿರುವವನ್ನು ನೋಡಿ. ಕೆಸರನ್ನು 63 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಕಣ್ಣಿನ ಜರಡಿಯಲ್ಲಿ ತೊಳೆಯಿರಿ. ರೋಸ್ ಬೆಂಗಾಲ್ ಎಂಬ ಬಣ್ಣ ಹಾಕಿದರೆ ಚಿಪ್ಪಿನೊಳಗಿನ ಜೀವದ್ರವ್ಯಕ್ಕೆ ಗುಲಾಬಿ ಬಣ್ಣ ಹತ್ತುತ್ತದೆ, ಖಾಲಿ ಚಿಪ್ಪಿನಿಂದ ಬೇರೆಯಾಗಿ ಕಾಣುತ್ತದೆ. ಡಿಎನ್‌ಎಗೆ ಬೇಕಾದವನ್ನು ಬಣ್ಣ ಹಾಕುವ ಮುಂಚೆಯೇ ಆರಿಸಿಡಿ. ಅವುಗಳ ಎರಡೂ ಮಗ್ಗುಲಿನ ಫೋಟೋ ಮೊದಲೇ ತೆಗೆಯಿರಿ. ಡಿಎನ್‌ಎ ತೆಗೆಯುವಾಗ ಚಿಪ್ಪು ಉಳಿಯದೆ ಹೋಗಬಹುದು.