ಏರ್ ರೈಫಲ್‌ಗೆ ಹೊಸ ಬೈಪಾಡ್: ಪಿಸಿಪಿಗೆ ಸೈ, ಸ್ಪ್ರಿಂಗ್ ಗನ್‌ಗೆ?

ಎಲ್ರಿಗೂ ನಮಸ್ಕಾರ ಕಣ್ರಪ್ಪಾ. ಬೈಪಾಡ್, ಅಂದ್ರೆ ಗನ್ ಮುಂದೆ ಕೂರಿಸೋ ಎರಡು ಕಾಲಿನ ಸ್ಟ್ಯಾಂಡು, ಹಾಕಿದ್ರೆ ಗುರಿ ಸರಿಹೋಗುತ್ತಾ ಅಣ್ಣ ಅಂತ ಬಹಳ ಜನ ಕೇಳ್ತಾನೇ ಇದ್ರಿ, ತರಿಸಿದೀನಿ ನೋಡಿ. ಎರಡು ಥರದ ಏರ್ ರೈಫಲ್ ಮೇಲೆ ನೋಡಿದೀನಿ: ಪಿಸಿಪಿ ಅಂದ್ರೆ ಮೊದಲೇ ಒತ್ತಿ ತುಂಬಿಟ್ಟ ಗಾಳಿಲಿ ಹೊಡೆಯೋದು, ಸ್ಪ್ರಿಂಗ್ ಗನ್ ಅಂದ್ರೆ ಒಳಗಿನ ಸ್ಪ್ರಿಂಗು ಪಿಸ್ಟನ್ ತಳ್ಳಿ ಹೊಡೆಯೋದು. ಎರಡು ಸಾವಿರದ ಆಸುಪಾಸಿನ ಮಾಲು, ಕಂಪ್ನಿ ಹೆಸ್ರು ಹೇಳಲ್ಲ, ಯಾಕಂದ್ರೆ ಇದೇ ಡಿಸೈನ್ ಬೇರೆ ಬೇರೆ ಹೆಸ್ರಲ್ಲಿ ಆನ್‌ಲೈನ್‌ನಲ್ಲಿ ಸಿಕ್ತದೆ, ಒಬ್ಬರ ಮೇಲೆ ಹಾಕಿ ಏನು ಪ್ರಯೋಜನ.

[ಕ್ಲೋಸಪ್: ಟೇಬಲ್ ಮೇಲೆ ಬೈಪಾಡ್, ಕಾಲು ಎಳೆದು ತೋರಿಸೋದು]

ಕಾಲು 6 ಇಂಚಿಂದ 9 ಇಂಚ್‌ವರ್ಗೂ ಉದ್ದ ಆಗುತ್ತೆ, ಬಟನ್ ಒತ್ತಿದ್ರೆ ಟಕ್ ಅಂತ ಒಳಗೆ ಹೋಗುತ್ತೆ, ಸ್ಪ್ರಿಂಗ್ ಗಟ್ಟಿಯಾಗೇ ಐತೆ. ಆದ್ರೆ ಈ ಎಡಗಾಲು ನೋಡಿ, ಪೂರ್ತಿ ಎಳೆದಾಗ ಮದುವೆ ಛತ್ರದ ಟೇಬಲ್ ಕಾಲು ಅಲ್ಲಾಡ್ದಂಗೆ ಅಲ್ಲಾಡುತ್ತೆ, ಕೇಳಿಸ್ತಾ ಕಟಕಟ? ಬಲಗಾಲು ಪರವಾಗಿಲ್ಲ. ಗಿಡ್ಡ ಮಾಡ್ಕೊಂಡ್ರೆ ಅಲ್ಲಾಟ ಕಮ್ಮಿ, ಹಂಗಾಗಿ ಟೇಬಲ್ ಮೇಲೆ ಹೊಡೆಯೋರಿಗೆ ಅಷ್ಟು ತೊಂದ್ರೆ ಇಲ್ಲ, ಮಲಗಿ ಹೊಡೆಯೋರಿಗೆ ಕಿರಿಕಿರಿ.

ಈಗ ಕೂರಿಸೋದು. ಇಲ್ಲೇ ಜನ ದುಡ್ಡು ಕಳ್ಕೊಳ್ಳೋದು. ಏರ್ ರೈಫಲ್ ಮೇಲ್ಗಡೆ ಸ್ಕೋಪ್, ಅಂದ್ರೆ ಗುರಿ ನೋಡೋ ದುರ್ಬೀನು, ಕೂರೋ ಪಟ್ಟಿ ಐತಲ್ಲ, ಅದು ಸಾಮಾನ್ಯವಾಗಿ 11 ಮಿಲಿಮೀಟರ್ ಡವ್‌ಟೇಲ್, ಅಂದ್ರೆ ಉದ್ದಕ್ಕೆ ಎರಡು ಗೀರು ಕೊರೆದಿರೋ ಪಟ್ಟಿ, ಬೈಪಾಡ್ ಕಚ್ಚೋದು ಅಡ್ಡ ಗೀರಿನ ಪಿಕಾಟಿನಿ ರೈಲ್ ಅನ್ನೋ ಪಟ್ಟಿಗೆ, ಅದು ಸುಮಾರು 21 ಮಿಲಿಮೀಟರ್ ಅಗಲ. ಎರಡೂ ಬೇರೆ ಬೇರೆ. ನಿಮ್ಮ ಗನ್‌ನ ಮುಂದಿನ ಹಿಡಿ ಕೆಳಗೆ ಪಿಕಾಟಿನಿ ಐತಾ, ಹೆಗಲ ಪಟ್ಟಿ ಸಿಕ್ಕಿಸೋ ಸ್ಲಿಂಗ್ ಸ್ಟಡ್ ಐತಾ, ಏನೂ ಇಲ್ವಾ, ನೋಡ್ಕೊಂಡೇ ಆರ್ಡರ್ ಮಾಡಿ. ಬ್ಯಾರೆಲ್‌ಗೆ ಕ್ಲ್ಯಾಂಪ್ ಹಾಕೋ ಥರದ್ದೂ ಬರುತ್ತೆ, ಅದ್ನ ಮಾತ್ರ ತಗೋಬೇಡಿ, ಬ್ಯಾರೆಲ್ ಮೇಲೆ ಭಾರ ಬಿದ್ರೆ ಪೆಲೆಟ್, ಅಂದ್ರೆ ಏರ್‌ಗನ್‌ನ ಪುಟ್ಟ ಗುಂಡು, ಬೀಳೋ ಜಾಗನೇ ಬದಲಾಗುತ್ತೆ, ಬ್ಯಾರೆಲ್ ಕೆಳಗೆ ಬಗ್ಗಿಸಿ ಲೋಡ್ ಮಾಡೋ ಗನ್‌ಗಂತೂ ಅದು ಕೆಲಸಕ್ಕೇ ಬರಲ್ಲ. ಪಿಸಿಪಿ ಇರೋರು ಗಾಳಿ ಟ್ಯೂಬಿಗೂ ಕಚ್ಚಿಸಬೇಡಿ.

[ತೋಟದ ವಿಡಿಯೋ]

ಇದು ಮಂಡ್ಯ ಪಕ್ಕ ನಮ್ಮ ಮಾವನ ತೆಂಗಿನ ತೋಟ, ಟಾರ್ಗೆಟ್ ಹಿಂದೆ ಎದೆಮಟ್ಟ ಮಣ್ಣಿನ ಗುಡ್ಡೆ, ಆ ಕಡೆ ಯಾರೂ ಓಡಾಡಲ್ಲ. ನೀರು ಹಾಯಿಸಿದ್ ಜಾಗದಲ್ಲಿ ರಬ್ಬರ್ ಪಾದ ಮೆತ್ತಗೆ ಹೂತ್ಕೊಳ್ಳುತ್ತೆ, ಒಂದು ಕಾಲು ಒಳಗೆ ಹೋಯ್ತು ಅಂದ್ರೆ ಗನ್ ವಾರೆ, ಏರ್‌ಗನ್ ಪೆಲೆಟ್ ಬೇಗ ಕೆಳಗೆ ಇಳಿಯೋ ವಸ್ತು ಆದ್ರಿಂದ ಗನ್ ಯಾವ ಕಡೆ ವಾಲಿತೋ ಪೆಲೆಟ್ಟೂ ಆ ಕಡೆಗೇ ಹೋಗಿ ಬೀಳ್ತದೆ. ಒಂದು ಹಲಗೆ ಹಾಕ್ಕೊಂಡ್ರೆ ಸಾಕು. ಗನ್‌ನ ಹಿಂಭಾಗದ ಕೆಳಗೆ ರಾಗಿ ತುಂಬಿದ ಪುಟ್ಟ ಚೀಲ ಇಟ್ಟಿದೀನಿ, ಬೈಪಾಡ್ ಅರ್ಧ ಕೆಲಸ ಅಷ್ಟೇ ಮಾಡೋದು, ಮಿಕ್ಕರ್ಧ ಈ ಚೀಲದ್ದು.

ಪಿಸಿಪಿಲಿ ರಿಕಾಯಿಲ್, ಅಂದ್ರೆ ಹೊಡೆದಾಗ ಗನ್ ಒದೆಯೋದು, ಇಲ್ಲವೇ ಇಲ್ಲ ಅನ್ನಬಹುದು, ಗಾಳಿ ಬಿಟ್ತು, ಪೆಲೆಟ್ ಹೋಯ್ತು, ಅಷ್ಟೇ. ಅದ್ರ ಮೇಲೆ ಈ ಬೈಪಾಡ್ ಚೆನ್ನಾಗೇ ಕೂತಿದೆ, ಗುಂಪು ಬಿಗಿಯಾಗಿ ಬಂತು, ಅಂದ್ರೆ ಪೆಲೆಟ್ ತೂತುಗಳು ಒಂದ್ರ ಪಕ್ಕ ಒಂದು ಬಿದ್ವು, ನಾಡಿ ಮಿಡಿತಕ್ಕೆ ಸ್ಕೋಪಲ್ಲಿ ಗೆರೆ ಕುಣಿಯೋದು ನಿಂತೋಯ್ತು. ಸ್ಪ್ರಿಂಗ್ ಗನ್ ಕಥೆ ಬೇರೆ. ಟ್ರಿಗರ್ ಒತ್ತಿದ್ ತಕ್ಷಣ ಪಿಸ್ಟನ್ ಮುಂದಕ್ಕೆ ಓಡುತ್ತೆ, ಗನ್ ಹಿಂದಕ್ಕೆ ತಳ್ಳುತ್ತೆ, ಪಿಸ್ಟನ್ ಕೊನೆಲಿ ಗಾಳಿಗೆ ಗುದ್ದಿ ನಿಂತಾಗ ಗನ್ ಮತ್ತೆ ಮುಂದಕ್ಕೆ ಜಿಗಿಯುತ್ತೆ, ಪೆಲೆಟ್ ಬ್ಯಾರೆಲ್ ದಾಟೋದ್ರೊಳ್ಗೇ ಈ ಆಟ ಶುರುವಾಗಿರುತ್ತೆ. ಅದಕ್ಕೇ ಸ್ಪ್ರಿಂಗ್ ಗನ್ನ ಅಂಗೈ ಮೇಲೆ ಸುಮ್ನೆ ಇಟ್ಕೊಂಡು, ಗಟ್ಟಿ ಹಿಡಿಯದೆ, ಅದು ಎಗರೋದಾದ್ರೆ ಎಗರ್ಲಿ ಅಂತ ಬಿಟ್ಟು ಹೊಡೀತಾರೆ. ಬೈಪಾಡ್ ಹಾಕಿ ಟೇಬಲ್ ಮೇಲಿಟ್ರೆ ಮುಂದೆ ಗಟ್ಟಿ ಕಾಲು, ಒಂದ್ಸಲ ಒಂದು ಥರ ಪುಟಿಯುತ್ತೆ, ಇನ್ನೊಂದ್ಸಲ ಇನ್ನೊಂದು ಥರ. ನನ್ನ ಗನ್‌ನಲ್ಲಿ ಕೈಮೇಲೆ ಹೊಡೆದ ಗುಂಪಿಗಿಂತ ಬೈಪಾಡ್ ಗುಂಪು ಮೇಲಕ್ಕೆ ಹೋಯ್ತು, ಚೆದುರ್ತು ಕೂಡ. ಇದು ಬೈಪಾಡ್ ತಪ್ಪಲ್ಲ ಬಿಡಿ.

ರೈಫಲ್ ಕ್ಲಬ್‌ಗೆ ಹೋಗಿ 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಕಲಿಯೋ ಹುಡುಗ್ರು ಇದ್ರ ಕಡೆ ನೋಡ್ಲೂಬೇಡಿ. ಅದು ನಿಂತು ಹೊಡೆಯೋ ಆಟ, 2008ರಲ್ಲಿ ಬೀಜಿಂಗಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಅದ್ರಲ್ಲೇ, ಅಲ್ಲಿ ಬೈಪಾಡ್ ಬಿಡಲ್ಲ, ಟಾರ್ಗೆಟ್ ನಡುವಿನ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್.

ಇನ್ನೊಂದು, ಹೊಲಕ್ಕೆ ನವಿಲು ಬರ್ತವೆ, ಏರ್‌ಗನ್‌ನಲ್ಲಿ ಓಡಿಸ್ಬೋದಾ ಅಂತ ಕೇಳೋರಿಗೆ. ಬೇಡ ಸಾರ್. 4.5 ಮಿಲಿಮೀಟರ್ ಪೆಲೆಟ್ ಹಾಕೋ, ಹೊಡೆತದ ಶಕ್ತಿ 20 ಜೂಲ್ ಒಳಗಿರೋ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ ಅನ್ನೋದು ನಿಜ, ಆದ್ರೆ ನವಿಲಿಗೆ ಹೊಡೆದ್ರೆ 1972ರ ವನ್ಯಜೀವಿ ಕಾಯ್ದೇಲಿ ಒಳಗೆ ಹೋಗ್ತೀರ, ಆಮೇಲೆ ನನ್ನ ಹೆಸ್ರು ಹೇಳ್ಬೇಡಿ.

ಪಿಸಿಪಿ ಐತಾ, ಕೆಳಗೆ ರೈಲ್ ಐತಾ, ತಗೊಳ್ಳಿ, ಬಂದ ತಕ್ಷಣ ಕಾಲಿನ ಸ್ಕ್ರೂ ಒಂದೊಂದ್ ಸುತ್ತು ಬಿಗಿ ಮಾಡ್ಕೊಳ್ಳಿ, ಫ್ಯಾಕ್ಟ್ರಿಯಿಂದಾನೇ ಲೂಸ್ ಬರ್ತಾ ಐತೆ. ಸ್ಪ್ರಿಂಗ್ ಗನ್‌ನೋರು ಅದೇ ದುಡ್ಡಲ್ಲಿ ಎರಡ್ಮೂರು ಥರ ಪೆಲೆಟ್ ಡಬ್ಬಿ ತಗೊಂಡು ನಿಮ್ಮ ಬ್ಯಾರೆಲ್‌ಗೆ ಯಾವ್ದು ಒಗ್ಗುತ್ತೆ ಅಂತ ನೋಡಿ.