ಅಡಿಕೆ ಸಿಪ್ಪೆಗೆ ಮೈಕ್ರೋವೇವ್ ಬೇಡ, ಮಾವಿನ ಸಿಪ್ಪೆಗೆ ಬೇಕು

ನಮಸ್ಕಾರ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಶಿವಮೊಗ್ಗದಿಂದ ಚನ್ನಗಿರಿ ಕಡೆ ಒಮ್ಮೆ ಹೋಗಿ ನೋಡಿ. ರಸ್ತೆ ಬದಿಯಲ್ಲಿ ಸಿಪ್ಪೆಯ ರಾಶಿ. ಅಲ್ಲಿ ಕೆಂಪಡಿಕೆ ಮಾಡುವವರು ಜಾಸ್ತಿ. ಕಾಯಿ ಹಸಿ ಇರುವಾಗಲೇ ಸುಲಿದು ಬೇಯಿಸುತ್ತಾರೆ, ಹಾಗಾಗಿ ಸಿಪ್ಪೆಯೂ ಹಸಿಯೇ. ಸ್ವಲ್ಪ ದಿನ ಅಲ್ಲೇ ಕೊಳೆಯುತ್ತದೆ. ಒಣಗಿದ ಮೇಲೆ ಯಾರೋ ಬೆಂಕಿ ಇಡುತ್ತಾರೆ. ಆ ಹೊಗೆಯಲ್ಲಿ ಎದುರಿನ ಗಾಡಿ ಕಾಣುವುದಿಲ್ಲ.

ಇಂಥ ಕಸದ ಮಾತು ಬಂದಾಗ ಈಗ ಒಂದು ಹೊಸ ಹೆಸರೂ ಬರುತ್ತದೆ: ಮೈಕ್ರೋವೇವ್ ಪೈರೊಲಿಸಿಸ್. ಸಿಪ್ಪೆಯನ್ನು ಗಾಳಿಯಾಡದ ಪಾತ್ರೆಯಲ್ಲಿ ಹಾಕಿ ಮೈಕ್ರೋವೇವ್ ಹಾಯಿಸಿ ಕಾಯಿಸುವುದು. ಇದ್ದಿಲು ಬರುತ್ತದೆ, ಎಣ್ಣೆಯಂಥ ದ್ರವ ಬರುತ್ತದೆ, ಉರಿಯುವ ಗ್ಯಾಸ್ ಬರುತ್ತದೆ. ಇದೇನೂ ಸುಳ್ಳಲ್ಲ. ಆದರೆ ಅಡಿಕೆ ಸಿಪ್ಪೆಗೆ ಈ ಒಲೆ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಲೆಕ್ಕ ಹಾಕೋಣ.

ಹಸಿ ಸಿಪ್ಪೆಯಲ್ಲಿ ಇರುವುದು ಹೆಚ್ಚಾಗಿ ನೀರು. ಮೊದಲು ಅದನ್ನು ಓಡಿಸಬೇಕು. ಒಂದು ಟನ್ ನೀರನ್ನು ಕಾಯಿಸಿ ಪೂರ್ತಿ ಆವಿ ಮಾಡಲು 700 ಯೂನಿಟ್‌ಗೂ ಜಾಸ್ತಿ ಶಾಖ ಬೇಕು. ಮೈಕ್ರೋವೇವ್ ಹುಟ್ಟಿಸುವ ಮ್ಯಾಗ್ನೆಟ್ರಾನ್ ತಾನು ತಿಂದ ಕರೆಂಟಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನಷ್ಟೇ ತರಂಗವಾಗಿ ಕೊಡುತ್ತದೆ. ಅಂದರೆ ಮೀಟರ್ ಹತ್ತಿರ ಹತ್ತಿರ 1,100 ಯೂನಿಟ್ ಓಡುತ್ತದೆ. ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಟುಕೊಳ್ಳಿ, 7,700 ರೂಪಾಯಿ ಆಯಿತು. ಬರೀ ನೀರು ಓಡಿಸಲು! ಅದೇ ಕೆಲಸವನ್ನು ಬಿಸಿಲು ಪುಕ್ಕಟೆ ಮಾಡುತ್ತದೆ.

ಸರಿ, ಬಿಸಿಲಲ್ಲಿ ಒಣಗಿಸಿಯೇ ಹಾಕೋಣ ಅಂತೀರಾ? ಆಗ ಇನ್ನೊಂದು ತೊಡಕು. ಮೈಕ್ರೋವೇವ್ ಹಿಡಿಯುವುದು ಮುಖ್ಯವಾಗಿ ನೀರಿನ ಕಣಗಳನ್ನು. ಒಣ ನಾರು ಅದನ್ನು ಅಷ್ಟಾಗಿ ಹೀರಿಕೊಳ್ಳುವುದಿಲ್ಲ. ಅದಕ್ಕೇ ಇದ್ದಿಲ ಪುಡಿ ಬೆರೆಸಬೇಕಾಗುತ್ತದೆ. ಒಂದು ಕಡೆ ಇದ್ದಿಲು ಆಗತೊಡಗಿತೋ, ಆ ಜಾಗವೇ ಇನ್ನಷ್ಟು ಹೀರಿಕೊಂಡು ಧಗಧಗ ಅನ್ನುತ್ತದೆ, ಪಕ್ಕದ್ದು ಹಾಗೇ ಇರುತ್ತದೆ. ಫ್ರಿಜ್ಜಿನ ಸಾರು ಬಿಸಿ ಮಾಡಿದಾಗ ಅಂಚು ಕುದಿದು ನಡುವೆ ತಣ್ಣಗಿರುತ್ತದಲ್ಲ, ಹಾಗೆ. ಮಾಮೂಲಿ ಇದ್ದಿಲ ಗೂಡಿನಲ್ಲಾದರೆ ಸಿಪ್ಪೆಯಿಂದ ಬಂದ ಗ್ಯಾಸನ್ನೇ ಉರಿಸಿ ಗೂಡು ಕಾಯಿಸಬಹುದು. ಕರೆಂಟಿನ ಗೊಡವೆಯೇ ಇಲ್ಲ.

ಹಾಗಾದರೆ ಮೈಕ್ರೋವೇವ್ ಸುಮ್ನೆ ಶೋಕಿನಾ? ಅಲ್ಲ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಕ್ಲಾರ್ಕ್ ಅವರ ತಂಡ ಮೈಕ್ರೋವೇವನ್ನು, ಇದ್ದಿಲು ಮಾಡಲು ಅಲ್ಲ, ಬೇರೆ ಕೆಲಸಕ್ಕೆ ಕಿತ್ತಳೆ ಸಿಪ್ಪೆಯ ಮೇಲೆ ಬಳಸಿ ತೋರಿಸಿತು. 2011ರಲ್ಲಿ ಅದು ದೊಡ್ಡ ಸುದ್ದಿಯಾಯಿತು. ಜ್ಯೂಸ್ ಹಿಂಡಿದ ಮೇಲೆ ಹಣ್ಣಿನಲ್ಲಿ ಸುಮಾರು ಅರ್ಧ ಸಿಪ್ಪೆ, ಚರಟವಾಗಿ ಉಳಿಯುತ್ತದೆ. ಅದನ್ನು ನೀರಿನ ಜೊತೆ ಮುಚ್ಚಿದ ಪಾತ್ರೆಯಲ್ಲಿಟ್ಟು ಮೈಕ್ರೋವೇವ್ ಹಾಯಿಸಿದರು. ಮೊದಲು ಸಿಕ್ಕಿದ್ದು ಲಿಮೊನೀನ್. ಸಿಪ್ಪೆ ಹಿಂಡಿದಾಗ ಕಣ್ಣಿಗೆ ಚುರ್ ಅನ್ನುವ ಎಣ್ಣೆ ಇದೆಯಲ್ಲ, ಅದರಲ್ಲಿ ಇರುವುದು ಬಹುತೇಕ ಇದೇ. ಆಮೇಲೆ ಪೆಕ್ಟಿನ್, ಜಾಮ್ ಗಟ್ಟಿಯಾಗುವುದೇ ಅದರಿಂದ. ಕಾರ್ಖಾನೆಗಳು ಪೆಕ್ಟಿನ್ ತೆಗೆಯಲು ಸಿಪ್ಪೆಯನ್ನು ಆಸಿಡ್‌ನಲ್ಲಿ ಕುದಿಸುತ್ತವೆ. ಇಲ್ಲಿ ಆ ಆಸಿಡ್ ಬೇಕಾಗಲಿಲ್ಲ.

ವ್ಯತ್ಯಾಸ ಎಲ್ಲಿದೆ ನೋಡಿ. ಕಿತ್ತಳೆ ಸಿಪ್ಪೆಯಲ್ಲಿ ನೀರನ್ನು ಯಾರೂ ಓಡಿಸುತ್ತಿಲ್ಲ. ನೀರೇ ಅಲ್ಲಿ ಕೆಲಸದಾಳು. ಪಾತ್ರೆ ಮುಚ್ಚಿರುವುದರಿಂದ ಅದು ಆವಿಯಾಗಿ ಹೋಗುವುದೂ ಇಲ್ಲ. ಒಂದು ಟನ್ ನೀರನ್ನು 125 ಡಿಗ್ರಿಗೆ ಏರಿಸಲು ಸುಮಾರು 180 ಯೂನಿಟ್ ಕರೆಂಟ್ ಸಾಕು. 1,100 ಎಲ್ಲಿ, 180 ಎಲ್ಲಿ! ಮೇಲಾಗಿ ಕೈಗೆ ಬರುವುದು ಇದ್ದಿಲಿಗಿಂತ ಎಷ್ಟೋ ಪಟ್ಟು ಬೆಲೆಯ ಮಾಲು. (ಇದನ್ನು ಕೇಳಿ ಮನೆಯ ಓವನ್‌ಗೆ ಸಿಪ್ಪೆ ತುಂಬಬೇಡಿ. ಲಿಮೊನೀನ್‌ಗೆ ಬೆಂಕಿ ಬೇಗ ಹತ್ತುತ್ತದೆ.)

ನಮ್ಮಲ್ಲಿ ಇದಕ್ಕೆ ಹೊಂದುವ ಕಸ ಯಾವುದು? ನನಗೆ ಎರಡು ಕಾಣುತ್ತವೆ. ಒಂದು, ಅರೇಬಿಕಾ ಕಾಫಿ ಪಲ್ಪಿಂಗ್ ಮಾಡುವಾಗ, ಅಂದರೆ ಹಣ್ಣಿನಿಂದ ಬೀಜ ಬಿಡಿಸುವಾಗ, ಬರುವ ಹಣ್ಣಿನ ಸಿಪ್ಪೆ. ಕೊಡಗು, ಚಿಕ್ಕಮಗಳೂರಲ್ಲಿ ಪಲ್ಪಿಂಗ್ ನೀರು ಹಳ್ಳಕ್ಕೆ ಸೇರುವ ಜಗಳ ಹಳೆಯದು. ಆದರೆ ಅಲ್ಲಿ ಕಸ ಒಂದೊಂದು ತೋಟದಲ್ಲಿ ಒಂದಿಷ್ಟು ಅಂತ ಚದುರಿ ಹೋಗಿದೆ. ಇನ್ನೊಂದು ಮಾವು. ಶ್ರೀನಿವಾಸಪುರದ ಹಣ್ಣು ಲಾರಿ ಹತ್ತಿ ಚಿತ್ತೂರು ಕಡೆಯ ಪಲ್ಪ್ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿ ಸಿಪ್ಪೆ ಹಸಿಯಾಗಿ, ಟನ್‌ಗಟ್ಟಲೆ, ಒಂದೇ ಬಾಗಿಲಲ್ಲಿ ಹೊರಗೆ ಬೀಳುತ್ತದೆ. ಅದರಲ್ಲಿ ಪೆಕ್ಟಿನ್ ಇದೆ.

ತೊಂದರೆ ಏನಂದರೆ ಮಾವಿನ ಕೆಲಸ ಎರಡು ಮೂರು ತಿಂಗಳದ್ದು. ಉಳಿದ ಕಾಲ ಮೆಷೀನು ಧೂಳು ತಿನ್ನುತ್ತದೆ, ಸಾಲದ ಬಡ್ಡಿ ಮಾತ್ರ ರಜೆ ತೆಗೆದುಕೊಳ್ಳುವುದಿಲ್ಲ. ಕಾಫಿ ಪಲ್ಪಿಂಗ್ ಚಳಿಗಾಲದ್ದು, ಮಾವು ಬೇಸಿಗೆಯದ್ದು. ಲಾರಿ ಮೇಲೆ ಕೂರುವಷ್ಟು ಸಣ್ಣ ಮೆಷೀನು ಮಾಡಿದರೆ ಎರಡೂ ಕಡೆ ದುಡಿಸಬಹುದೇನೋ. ಸರ್ಕಾರ ದುಡ್ಡು ಹಾಕುವುದಿದ್ದರೆ ಮೊದಲ ಮೆಷೀನನ್ನು ಪಲ್ಪ್ ಕಾರ್ಖಾನೆಯ ಅಂಗಳದಲ್ಲಿ ಇಡಲಿ. ಚನ್ನಗಿರಿಗೆ ಸದ್ಯ ಬೇಕಾಗಿರುವುದು ಸಿಪ್ಪೆ ಎತ್ತುವ ಟ್ರ್ಯಾಕ್ಟರ್, ಒಣಗಿಸಲು ಒಂದು ಕಣ, ಮತ್ತೆ ಒಂದು ಮಾಮೂಲಿ ಗೂಡು.