ಸ್ಪಾರ್ಕ್ ಪ್ಲಗ್ ಬದಲಿಸುವ ಮುಂಚೆ ಅದರ ಮೂತಿ ನೋಡಿ

(ಚಿಕ್ಕಬಳ್ಳಾಪುರದಲ್ಲಿ ಗ್ಯಾರೇಜ್ ಮೆಕ್ಯಾನಿಕ್‌ಗಳು ಮತ್ತು ಐಟಿಐ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

"ಬೆಟ್ಟ ಹತ್ತುವಾಗ ಮಾತ್ರ ಗಾಡಿ ಮಿಸ್ ಹೊಡೆಯುತ್ತೆ ಅಣ್ಣ, ಪೇಟೆ ಒಳಗೆ ಏನೂ ಇಲ್ಲ." ನಮ್ಮೂರಲ್ಲಿ ಗ್ಯಾರೇಜ್ ಇಟ್ಟವರೆಲ್ಲ ಈ ಮಾತು ಕೇಳಿರುತ್ತೀರಿ. ಮಿಸ್ ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್ ಒಮ್ಮೊಮ್ಮೆ ಹೊತ್ತಿಕೊಳ್ಳದೆ ಹೋಗೋದು. ನೀವು ಬಿಬಿ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡುತ್ತೀರಿ, ಗಾಡಿ ಚೆನ್ನಾಗೇ ಇರುತ್ತೆ. ಗಿರಾಕಿ ಸುಮ್ನೆ ಹೇಳುತ್ತಿದ್ದಾನೆ ಅನ್ನಿಸುತ್ತೆ. ಆದರೆ ಅವನು ಹೇಳುತ್ತಿರುವುದು ನಿಜ. ನಂದಿಬೆಟ್ಟದ ತಿರುವಿನಲ್ಲಿ ಇಬ್ಬರನ್ನು ಕೂರಿಸಿಕೊಂಡು ಎಕ್ಸಿಲೇಟರ್ ತಿರುವಿದರೆ ಅದೇ ಗಾಡಿ ಜರ್ಕ್ ಹೊಡೆಯುತ್ತೆ. ಯಾಕೆ?

ಎಕ್ಸಿಲೇಟರ್ ಪೂರ್ತಿ ತೆರೆದಾಗ ಸಿಲಿಂಡರ್ ಒಳಗೆ ಗಾಳಿ ಮತ್ತು ಪೆಟ್ರೋಲ್ ಜಾಸ್ತಿ ತುಂಬುತ್ತೆ. ಪಿಸ್ಟನ್ ಮೇಲೆ ಬಂದು ಅದನ್ನು ಒತ್ತಿದಾಗ ಒತ್ತಡವೂ ಜಾಸ್ತಿ. ಪೆಟ್ರೋಲ್ ಹೊತ್ತಿಸುವ ಕಿಡಿ ಹಾರೋದು ಸ್ಪಾರ್ಕ್ ಪ್ಲಗ್ ತುದಿಯ ಸಣ್ಣ ಗ್ಯಾಪಿನಲ್ಲಿ. ಒತ್ತಡ ಏರಿದಷ್ಟೂ ಕಿಡಿ ಆ ಗ್ಯಾಪ್ ದಾಟೋದು ಕಷ್ಟ, ವೋಲ್ಟೇಜ್ ಜಾಸ್ತಿ ಬೇಕು. ಪ್ಲಗ್‌ಗೆ ಸಾಮಾನ್ಯವಾಗಿ 10 ಸಾವಿರದಿಂದ 25 ಸಾವಿರ ವೋಲ್ಟ್ ಬೇಕಾಗುತ್ತೆ. ಗ್ಯಾಪ್ ಸವೆದು ಅಗಲವಾಗಿದ್ದರೆ ಇನ್ನೂ ಜಾಸ್ತಿ. ಈ ಹೈ ವೋಲ್ಟೇಜ್ ಮಾಡಿಕೊಡುವ ಕಾಯಿಲ್ ವೀಕ್ ಇದ್ದರೆ ಅಷ್ಟು ಕೊಡೋಕೆ ಆಗಲ್ಲ. ಪ್ಲಗ್ ಮೇಲೆ ಕೂರುವ ಕ್ಯಾಪ್ ಬಿರುಕು ಬಿಟ್ಟಿದ್ದರೆ ಕರೆಂಟ್ ಗ್ಯಾಪ್ ದಾಟುವ ಬದಲು ಆ ಬಿರುಕಿನಿಂದಲೇ ಹೊರಗೆ ಹಾರಿ ಹೋಗುತ್ತೆ. ಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಕಾರ್ಬ್ಯುರೇಟರ್ ಗಾಡಿಗೆ ಪೆಟ್ರೋಲ್ ಸ್ವಲ್ಪ ಹೆಚ್ಚಾಗುತ್ತೆ, ನಿಜ. ಆದರೆ ಅಷ್ಟಕ್ಕೇ ಒಳ್ಳೆಯ ಗಾಡಿ ಮಿಸ್ ಹೊಡೆಯಲ್ಲ.

ನಾವೆಲ್ಲ ಮಾಡುವ ಒಂದು ಟೆಸ್ಟ್ ಇದೆ. ಪ್ಲಗ್ ಬಿಚ್ಚಿ, ಸಿಲಿಂಡರಿನ ಮೇಲಿನ ಮುಚ್ಚಳ, ಅಂದರೆ ಹೆಡ್ ಮೇಲಿಟ್ಟು, ಕಿಕ್ ಹೊಡೆದು "ಕರೆಂಟ್ ಬರ್ತಿದೆ" ಅನ್ನೋದು. ಹೊರಗಿನ ಗಾಳಿಯಲ್ಲಿ ಅಷ್ಟು ಒತ್ತಡ ಇರಲ್ಲ. ಅಲ್ಲಿ ಕಿಡಿ ಬಂದ ಮಾತ್ರಕ್ಕೆ ಸಿಲಿಂಡರ್ ಒಳಗೂ ಬರುತ್ತೆ ಅಂತ ಹೇಳೋಕೆ ಆಗಲ್ಲ. ಅಗಲ ಗ್ಯಾಪಿನ ಸ್ಪಾರ್ಕ್ ಟೆಸ್ಟರ್ ಇಟ್ಟುಕೊಳ್ಳಿ. ಅದರಲ್ಲಿ ಕಿಡಿ ಗಟ್ಟಿಯಾಗಿ ನೀಲಿ ಬಂದರೆ ಕಾಯಿಲ್ ಮೇಲೆ ನಂಬಿಕೆ ಇಡಬಹುದು. ಟೆಸ್ಟ್ ಮಾಡುವಾಗ ಪ್ಲಗ್ ತೂತಿನ ಹತ್ತಿರ ಕಿಡಿ ಹೊಡೆಸಬೇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತೆ. ಪ್ಲಗ್ ಅರ್ತ್ ಆಗದೆ ಕಿಕ್ ಹೊಡೆದರೆ ಕಿಡಿ ಹೊಡೆಸುವ ಎಲೆಕ್ಟ್ರಾನಿಕ್ ಡಬ್ಬಿ ಸಿಡಿಐ ಹಾಳಾಗಬಹುದು, ಅದೂ ನೆನಪಿರಲಿ.

ಹಾಗಾಗಿ ಗಿರಾಕಿ ಬಂದ ಕೂಡಲೇ ಸ್ಪ್ಯಾನರ್ ಎತ್ತಬೇಡಿ. ಮಿಸ್ ಯಾವಾಗ ಹೊಡೆಯುತ್ತೆ ಅಂತ ಕೇಳಿ. ನನ್ನ ಪ್ರಕಾರ ಅರ್ಧ ಕೆಲಸ ಈ ಪ್ರಶ್ನೆಯಲ್ಲೇ ಮುಗಿಯುತ್ತೆ. ಲೋಡ್‌ನಲ್ಲಿ ಅಂದರೆ ಗ್ಯಾಪ್, ಕಾಯಿಲ್, ಕ್ಯಾಪ್ ಕಡೆ ನೋಡಿ. ಎಕ್ಸಿಲೇಟರ್ ಬಿಟ್ಟಾಗ ಸ್ಲೋನಲ್ಲಿ ಮಿಸ್ ಹೊಡೆದು, ಸ್ಪೀಡಲ್ಲಿ ಸರಿಯಾಗಿ ಓಡಿದರೆ ಎಂಜಿನ್‌ಗೆ ಗಾಳಿ ಹೋಗುವ ಇನ್‌ಟೇಕ್ ರಬ್ಬರ್ ಎಲ್ಲಾದರೂ ಗಾಳಿ ಎಳೀತಿದೆಯಾ, ವಾಲ್ವ್ ತೆರೆಯುವ ಟ್ಯಾಪೆಟ್ ಟೈಟ್ ಆಗಿದೆಯಾ ನೋಡಿ. ಗಾಡಿ ಕಾದ ಮೇಲೆ ನಿಂತು ಹೋಗಿ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತೆ ಅಂದರೆ ಕಾಯಿಲ್ ಒಳಗಿನ ತಂತಿ ಬಿಸಿಗೆ ಬಿಟ್ಟುಕೊಳ್ಳುತ್ತಿರಬಹುದು. ತಣ್ಣಗಿರುವಾಗ ಮೀಟರ್ ಇಟ್ಟರೆ ಅದು ಸಿಗಲ್ಲ, ಬಿಸಿ ಇರುವಾಗಲೇ ಇಡಬೇಕು. ಮಳೆಯಲ್ಲಿ ಮಾತ್ರ ಅಂದರೆ ಶಟರ್ ಇಳಿಸಿ ಕತ್ತಲೆ ಮಾಡಿ. ಹೊಗೆ ಹೋಗೋಕೆ ದಾರಿ ಇರಲಿ. ಕ್ಯಾಪ್ ಮತ್ತು ಕಾಯಿಲ್‌ನಿಂದ ಪ್ಲಗ್‌ಗೆ ಬರುವ ಹೆಚ್‌ಟಿ ವೈರ್ ಮೇಲೆ ಸ್ವಲ್ಪ ನೀರು ಚಿಮುಕಿಸಿ ಎಂಜಿನ್ ಓಡಿಸಿ. ಕರೆಂಟ್ ಎಲ್ಲಿ ಸೋರುತ್ತಿದೆಯೋ ಅಲ್ಲಿ ನೀಲಿ ಮಿಣುಕು ಕಾಣುತ್ತೆ. ಕೈ ಮಾತ್ರ ದೂರ ಇಟ್ಟುಕೊಳ್ಳಿ.

ಕಾರಿನವರಿಗೆ ಒಂದು ಮಾತು. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್‌ನಲ್ಲಿ ಪಿ0302 ಅಂತ ಬಂದರೆ ಎರಡನೇ ಸಿಲಿಂಡರ್ ಮಿಸ್ ಹೊಡೀತಿದೆ ಅಂತ ಅರ್ಥ. ಅದಕ್ಕೆ ಕಾಯಿಲ್ ಹೋಗಿದೆ ಅಂತ ಹೊಸದು ತರಿಸಬೇಡಿ. ಒಂದೊಂದು ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಗಾಡಿಯಾದರೆ, ಎರಡನೇದರ ಕಾಯಿಲನ್ನು ಮೂರನೇದಕ್ಕೆ, ಮೂರನೇದರದನ್ನು ಎರಡನೇದಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲ್ ತಪ್ಪಿತಸ್ಥ. ಪಿ0302 ಅಲ್ಲೇ ಉಳಿದರೆ ಪ್ಲಗ್ ಅದಲು ಬದಲು ಮಾಡಿ. ಅದಕ್ಕೂ ಬದಲಾಗದಿದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಸಿಲಿಂಡರ್ ಒಳಗಿನ ಒತ್ತಡ ಅಂದರೆ ಕಂಪ್ರೆಷನ್ ನೋಡಿ. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು. ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಬೆಂಗಳೂರಿಗೆ ಹೋಗಿ ಬಂದು ತೋರಿಸ್ತೀನಿ ಅನ್ನುವವರನ್ನು ತಡೆಯಿರಿ. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಅಲ್ಲಿ ಉರಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕರಗುತ್ತೆ. ಅದರ ಬೆಲೆ ನಿಮಗೆ ಗೊತ್ತಲ್ಲ.

ಈಗ ಪ್ಲಗ್ ಬಿಚ್ಚೋಣ. ಬಿಚ್ಚಿದ ಪ್ಲಗ್ಗನ್ನು ಎಸೆಯಬೇಡಿ, ಎಮರಿ ಪೇಪರಿನಿಂದ ಉಜ್ಜಲೂ ಬೇಡಿ. ಮೊದಲು ನೋಡಿ. ಈ ಪ್ಲಗ್‌ನ ತುದಿಯ ಪಿಂಗಾಣಿ ತಿಳಿ ಕಂದು ಬಣ್ಣ. ಎಂಜಿನ್ ಆರೋಗ್ಯವಾಗಿದೆ. ಹೊಸ ಹೊಗೆ ನಿಯಮದ ಬಿಎಸ್6 ಇಂಜೆಕ್ಷನ್ ಗಾಡಿಗಳಲ್ಲಿ ಇನ್ನೂ ಬಿಳುಪಾಗಿ ಕಾಣಬಹುದು, ಗಾಬರಿ ಬೇಡ. ಇದು ಕಪ್ಪು ಒಣ ಮಸಿ, ಬೆರಳಿಗೆ ಹತ್ತುತ್ತೆ. ಪೆಟ್ರೋಲ್ ಜಾಸ್ತಿ ಹೋಗಿದೆ. ಚೋಕ್ ಸಿಕ್ಕಿಕೊಂಡಿರಬಹುದು. ಕ್ರಷರ್ ಕಡೆ ಓಡಾಡುವ ಗಾಡಿಯಾದರೆ ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಿರುತ್ತೆ. ಫಿಲ್ಟರ್ ಮುಟ್ಟದೆ ಹೊಸ ಪ್ಲಗ್ ಹಾಕಿದರೆ ಅದೂ ಹೀಗೇ ಆಗುತ್ತೆ. ಇದು ಕಪ್ಪಗಿದ್ದು ಜಿಡ್ಡು ಜಿಡ್ಡು. ಫೋರ್ ಸ್ಟ್ರೋಕ್ ಆದರೆ ಪಿಸ್ಟನ್ ರಿಂಗ್ ಇಲ್ಲವೇ ವಾಲ್ವ್ ಸೀಲ್ ದಾಟಿ ಆಯಿಲ್ ಬರುತ್ತಿದೆ. ದ್ರಾಕ್ಷಿ ತೋಟದವರು ತರುವ ಟೂ ಸ್ಟ್ರೋಕ್ ಸ್ಪ್ರೇಯರ್ ಆದರೆ, ಎಷ್ಟು ಆಯಿಲ್ ಬೆರೆಸ್ತೀರಿ ಅಂತ ಕೇಳಿ. "ಇರಲಿ ಅಂತ ಸ್ವಲ್ಪ ಜಾಸ್ತಿನೇ" ಅನ್ನುವವರು ಬಹಳ. ಇನ್ನು ಇದು, ಸುಣ್ಣದ ಹಾಗೆ ಬಿಳಿ, ಮೇಲೆ ಸಣ್ಣ ಗುಳ್ಳೆ. ಎಂಜಿನ್ ವಿಪರೀತ ಕಾದಿದೆ. ಪೆಟ್ರೋಲ್ ಕಡಿಮೆ ಬರ್ತಿದೆ, ಕಿಡಿಯ ಟೈಮಿಂಗ್ ಮುಂದೆ ಹೋಗಿದೆ, ಅಥವಾ ಪ್ಲಗ್ಗೇ ತಪ್ಪು. ಇದರ ಮೇಲೆ ಸಣ್ಣ ಸಣ್ಣ ಅಲ್ಯೂಮಿನಿಯಂ ಚುಕ್ಕೆ ಕಂಡರೆ ಗಾಡಿ ಕೊಡಬೇಡಿ. ಪಿಸ್ಟನ್ ಕರಗಲು ಶುರುವಾಗಿದೆ.

ಹೊರಗಿನ ಬಿಳಿ ಪಿಂಗಾಣಿಯ ಬುಡದಲ್ಲಿ, ಲೋಹ ಸೇರುವ ಕಡೆ, ಒಂದು ಕಂದು ಉಂಗುರ ಕಾಣುತ್ತೆ ನೋಡಿ. ಕಂಪ್ರೆಷನ್ ಲೀಕ್ ಅಂತ ಎಷ್ಟೋ ಜನ ಒಳ್ಳೆಯ ಪ್ಲಗ್ ಎಸೆಯುತ್ತಾರೆ. ಹೈ ವೋಲ್ಟೇಜ್ ಸುತ್ತ ತೇಲುವ ಎಣ್ಣೆಯ ಕಣಗಳು ಅಂಟಿ ಆಗುವ ಕಲೆ ಅದು. ಏನೂ ತೊಂದರೆ ಇಲ್ಲ.

ಪ್ಲಗ್ ಆಯ್ಕೆಗೆ ಬಂದರೆ, ಹೀಟ್ ರೇಂಜ್ ವಿಷಯದಲ್ಲೇ ಗೊಂದಲ ಜಾಸ್ತಿ. ಹಾಟ್ ಪ್ಲಗ್ ಅಂದರೆ ಕಿಡಿ ಬಿಸಿ ಅಂತಲ್ಲ. ಪ್ಲಗ್ ತನ್ನ ತುದಿಯ ಶಾಖವನ್ನು ಹೆಡ್‌ಗೆ ನಿಧಾನವಾಗಿ ಬಿಡುತ್ತೆ ಅಂತ. ತುದಿ ಸುಮಾರು 450 ಡಿಗ್ರಿ ದಾಟಿದರೆ ಮಸಿ ತಾನೇ ಸುಟ್ಟು ಹೋಗುತ್ತೆ. 850 ದಾಟಿದರೆ ಕಿಡಿಗೆ ಮುಂಚೆಯೇ ಪೆಟ್ರೋಲ್ ಹೊತ್ತಿಕೊಳ್ಳುವ ಅಪಾಯ. ಇವೆರಡರ ಮಧ್ಯೆ ಇರಬೇಕು. ಎನ್‌ಜಿಕೆ ಕಂಪನಿಯ ಪ್ಲಗ್‌ಗಳಲ್ಲಿ ನಂಬರ್ ಏರಿದಷ್ಟೂ ಪ್ಲಗ್ ಕೋಲ್ಡ್. ಬಾಷ್‌ನಲ್ಲಿ ಉಲ್ಟಾ, ನಂಬರ್ ಏರಿದಷ್ಟೂ ಹಾಟ್. ಇದರಲ್ಲಿ 7 ಇತ್ತು, ಅದರಲ್ಲೂ 7 ಹಾಕೋಣ ಅಂತ ಹಾಕಿದರೆ ಕೆಡುತ್ತೆ. ಕಂಪನಿಯ ಹೋಲಿಕೆ ಪಟ್ಟಿ ನೋಡಿಯೇ ಹಾಕಿ.

ಸಿಪಿಆರ್8ಇಎ-9 ಅಂತ ಪ್ಲಗ್ ಮೇಲೆ ಬರೆದಿರುತ್ತೆ. ಸಿ ಅಂದರೆ 10 ಮಿಲಿಮೀಟರ್ ಥ್ರೆಡ್. ಪಿ ಅಂದರೆ ತುದಿ ಮುಂದೆ ಚಾಚಿದೆ. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ. ಇಂಜೆಕ್ಷನ್ ಗಾಡಿಗೆ ಆರ್ ಇಲ್ಲದ ಪ್ಲಗ್ ಹಾಕಿದರೆ ಗಾಡಿಯ ಕಂಪ್ಯೂಟರ್ ಇಸಿಯು ತಲೆ ಕೆಡಬಹುದು. 8 ಹೀಟ್ ರೇಂಜ್. ಇ ಅಂದರೆ ಥ್ರೆಡ್ ಉದ್ದ 19 ಮಿಲಿಮೀಟರ್. ಉದ್ದ ಜಾಸ್ತಿಯಾದರೆ ಪಿಸ್ಟನ್‌ಗೆ ತಾಗುತ್ತೆ, ಕಡಿಮೆಯಾದರೆ ಹೆಡ್‌ನ ಖಾಲಿ ಥ್ರೆಡ್‌ನಲ್ಲಿ ಕಾರ್ಬನ್ ಕೂರುತ್ತೆ. ಕೊನೆಯ 9 ಅಂದರೆ ಗ್ಯಾಪ್ 0.9 ಮಿಲಿಮೀಟರ್. ಅಂದಾಜಿನಲ್ಲಿ ಬಡಿಯಬೇಡಿ, ಗ್ಯಾಪ್ ಅಳೆಯುವ ಫೀಲರ್ ಗೇಜ್ ಹಾಕಿ.

ಇರಿಡಿಯಂ ಹಾಕಿದರೆ ಪಿಕಪ್ ಬರುತ್ತಾ ಅಂತ ಹುಡುಗರು ಕೇಳುತ್ತಾರೆ. ಎಂಜಿನ್ ಸರಿಯಿದ್ದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅದರ ಲಾಭ ಬಾಳಿಕೆ. ತುದಿ ತೆಳು, ಸವೆಯೋದು ಕಡಿಮೆ, ಕಿಡಿಗೆ ವೋಲ್ಟೇಜ್ ಕಡಿಮೆ ಸಾಕು. ಅದಕ್ಕೆ ತಂತಿ ಬ್ರಷ್ ಮಾತ್ರ ತೋರಿಸಬೇಡಿ.

ಕೂರಿಸುವಾಗ ಎಂಜಿನ್ ತಣ್ಣಗಿರಲಿ. ಬಿಚ್ಚುವ ಮುಂಚೆ ಸುತ್ತಲಿನ ಧೂಳು ಊದಿ ತೆಗೆದಿರಬೇಕು. ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ. ವಾಷರ್ ಇರುವ ಹೊಸ ಪ್ಲಗ್ ಆದರೆ ವಾಷರ್ ಕೂತ ಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಮುಕ್ಕಾಲಿಗೆ ಸ್ವಲ್ಪ ಕಮ್ಮಿ. ಎಷ್ಟು ಬಿಗಿ ಅಂತ ತೋರಿಸುವ ಟಾರ್ಕ್ ರೆಂಚ್ ಇದ್ದರೆ 10 ಮಿಲಿಮೀಟರ್ ಥ್ರೆಡ್‌ಗೆ 10ರಿಂದ 12 ನ್ಯೂಟನ್ ಮೀಟರ್ ಸಾಕು. ಹೆಡ್ ಅಲ್ಯೂಮಿನಿಯಂ, ಪ್ಲಗ್ ಸ್ಟೀಲ್. ಜೋರು ಮಾಡಿದರೆ ಥ್ರೆಡ್ ಹೋಗೋದು ಹೆಡ್‌ನದು.

ಈ ಮೇಜಿನ ಮೇಲೆ ಬೇರೆ ಬೇರೆ ಗಾಡಿಗಳಿಂದ ಬಿಚ್ಚಿದ ಹಳೇ ಪ್ಲಗ್‌ಗಳಿವೆ. ಒಬ್ಬೊಬ್ಬರು ಒಂದೊಂದು ತಗೊಂಡು, ಆ ಎಂಜಿನ್‌ಗೆ ಏನಾಗಿತ್ತು ಅಂತ ಹೇಳಿ. ಆಮೇಲೆ ನಿಮ್ಮ ಪ್ರಶ್ನೆಗಳಿಗೆ ಬರೋಣ.